ಊರೂರು ಸುತ್ತುವ ಉಡ, ಒಂದೇ ಹಳ್ಳದ ಏಡಿ

ಮಲೆನಾಡಿನ ಹಳ್ಳದಂಚಿನಲ್ಲಿ ಉಡವೂ ಏಡಿಯೂ ಅಕ್ಕಪಕ್ಕದಲ್ಲೇ ಬದುಕುತ್ತವೆ. ಸಿಕ್ಕರೆ ಉಡ ಏಡಿಯನ್ನು ಚಿಪ್ಪಿನ ಸಮೇತ ತಿಂದುಹಾಕುತ್ತದೆ. ಉಡಕ್ಕೆ ಮೂಳೆಯ ಹಂದರ ಮೈಯೊಳಗಿದ್ದರೆ ಏಡಿಗೆ ಗಟ್ಟಿ ಕವಚವೇ ಹಂದರ. ಉಡದ ರಕ್ತದಲ್ಲಿ ಆಮ್ಲಜನಕ ಹೊರಲು ಕಬ್ಬಿಣವಿದೆ, ಏಡಿಗೆ ಆ ಕೆಲಸ ಮಾಡಿಕೊಡುವುದು ತಾಮ್ರ. ಇಷ್ಟೆಲ್ಲ ವ್ಯತ್ಯಾಸಗಳ ನಡುವೆ ನನಗೆ ಬಹಳ ಮುಖ್ಯವೆನಿಸುವುದು ಅವು ಮರಿ ಮಾಡುವ ರೀತಿ.

ಹೆಣ್ಣು ಉಡ ನೆಲ ಬಗೆದು, ಕೆಲವೊಮ್ಮೆ ಗೆದ್ದಲ ಹುತ್ತವನ್ನೇ ಕೊರೆದು, ಇಪ್ಪತ್ತರ ಆಸುಪಾಸು ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ಹೊರಟುಬಿಡುತ್ತದೆ. ಹುತ್ತದೊಳಗಿನ ಬಿಸಿ ಮತ್ತು ತೇವ ತಿಂಗಳುಗಟ್ಟಲೆ ಮೊಟ್ಟೆಗಳನ್ನು ಕಾಪಾಡುತ್ತವೆ. ಹೊರಬಂದ ಮರಿ ಮೊದಲ ದಿನದಿಂದಲೇ ಸ್ವತಂತ್ರ. ಸೀಳುನಾಲಗೆಯಿಂದ ಗಾಳಿಯ ವಾಸನೆ ಹಿಡಿಯುತ್ತ ಅದು ಎಲ್ಲಿ ಬೇಕಾದರೂ ನಡೆದುಹೋಗಬಲ್ಲದು. ಹಾಗಾಗಿಯೇ ನಮ್ಮ ಸಾಮಾನ್ಯ ಉಡ ಇರಾನಿನಿಂದ ಮ್ಯಾನ್ಮಾರ್‌ವರೆಗೂ ಹರಡಿದೆ.

ಇನ್ನು ಏಡಿಗಳಲ್ಲಿ, ಕಡಲ ಏಡಿ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಅದರ ಲಾರ್ವಾಗಳು ಅಲೆಗಳ ಜೊತೆ ದೂರದೂರಕ್ಕೆ ತೇಲಿಹೋಗುತ್ತವೆ. ಹಳ್ಳದ ಏಡಿಗೆ ಆ ಹಂತವೇ ಇಲ್ಲ. ತಾಯಿಯ ಹೊಟ್ಟೆಯಡಿ ಮಡಚಿಕೊಂಡಿರುವ ಅಗಲ ಬಾಲವನ್ನು ನೋಡಿ: ದಪ್ಪ ಹಳದಿ ಮೊಟ್ಟೆಗಳು ಗೊಂಚಲಾಗಿ ಅಂಟಿರುತ್ತವೆ. ಒಡೆದಾಗ ಬರುವುದು ಎಂಟು ಕಾಲು, ಎರಡು ಇಕ್ಕಳ ಎಲ್ಲವೂ ಇರುವ ಪುಟ್ಟ ಏಡಿ. ಅದೂ ಕೆಲಕಾಲ ತಾಯಿಯ ಹೊಟ್ಟೆಗೇ ಅಂಟಿಕೊಂಡಿರುತ್ತದೆ. ಮಳೆಗಾಲದ ಹಳ್ಳದ ಸೆಳೆತದಲ್ಲಿ ಮರಿ ಉಳಿಯುವುದು ಈ ಆರೈಕೆಯಿಂದಲೇ.

ಆದರೆ ಹೀಗೆ ಬೆಳೆದ ಮರಿ ಹುಟ್ಟಿದ ಜಾಗ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಗುಡ್ಡದಾಚೆಯ ಸಂತತಿಯ ಜೊತೆ ಬೆರೆಯದೆ, ಅದರ ಪೀಳಿಗೆ ಕಾಲಾಂತರದಲ್ಲಿ ಬೇರೆಯದೇ ಪ್ರಭೇದವಾಗಬಹುದು. ಪಶ್ಚಿಮ ಘಟ್ಟದಲ್ಲಿ ಇಷ್ಟೊಂದು ಬಗೆಯ ಏಡಿಗಳಿರುವುದಕ್ಕೆ ಇದೊಂದು ದೊಡ್ಡ ಕಾರಣ. ಬಿಳಿ ಮತ್ತು ಕೆಂಪು-ನೇರಳೆ ಬಣ್ಣದ 'ಘಾಟಿಯಾನಾ ದ್ವಿವರ್ಣ' ಏಡಿ ಉತ್ತರ ಕನ್ನಡದ ಯಲ್ಲಾಪುರದ ಕಾಡಿನಲ್ಲಿ ಪತ್ತೆಯಾಗಿ ವಿಜ್ಞಾನಕ್ಕೆ ಪರಿಚಯವಾದದ್ದು 2022ರಲ್ಲಷ್ಟೇ.

ಉಡವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಂಭೀರ ಅಪರಾಧ. ಆ ರಕ್ಷಣೆ ಅದಕ್ಕೆ ಬೇಕೇ ಬೇಕು. ಏಡಿಯನ್ನು ಉಳಿಸಬೇಕಾದರೆ ಹಳ್ಳವನ್ನೇ ಉಳಿಸಬೇಕು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ತಾಮ್ರದ ಲವಣವಾದ ಮೈಲುತುತ್ತವಿದೆ. ರಕ್ತದಲ್ಲಿ ತಾಮ್ರ ಹೊತ್ತ ಏಡಿಗೂ ನೀರಿನಲ್ಲಿ ಕರಗಿದ ತಾಮ್ರ ಅತಿಯಾದರೆ ವಿಷವೇ. ಸಿಂಪಡಣೆ ಮುಗಿದ ಮೇಲೆ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದೆ ದೂರದಲ್ಲಿ ತೊಳೆಯೋಣ. ಒಂದು ಹಳ್ಳ ಕೆಟ್ಟರೆ ಉಡ ಮುಂದಿನ ಹಳ್ಳಕ್ಕೆ ನಡೆದೀತು. ಏಡಿಯ ಇಡೀ ಪ್ರಭೇದವೇ ಅಳಿದುಹೋಗಬಹುದು.