ಕಂಪ್ಯೂಟರಿನ ಮ್ಯಾಕ್ ವಿಳಾಸ: ಹುಡುಕುವುದು ಹೇಗೆ?

ಮಕ್ಕಳೇ, ಹಿಂದೆ ನಾನು ಪಾಠ ಮಾಡುತ್ತಿದ್ದ ಶಾಲೆಯ ಲ್ಯಾಬಿನಲ್ಲಿ ಎಂಟು ಕಂಪ್ಯೂಟರ್ ಇದ್ದವು. ಒಂದು ದಿನ ಏಳಕ್ಕೆ ಇಂಟರ್ನೆಟ್ ಬಂತು, ಒಂದಕ್ಕೆ ಬರಲಿಲ್ಲ. ಅದರ ಮುಂದೆ ಕೂತಿದ್ದವರು ಒಂಬತ್ತನೇ ತರಗತಿಯ ಇಬ್ಬರು ಹುಡುಗರು. "ಏನೋ ಒತ್ತಿ ಕೆಡಿಸಿದ್ದೀರಿ" ಅಂತ ನಾನು ಗದರಿದೆ. "ಇಲ್ಲ ಸಾರ್, ನಾವು ಏನೂ ಮುಟ್ಟಿಲ್ಲ" ಅಂದರು. ನಾನು ನಂಬಲಿಲ್ಲ. ಅವರು ಹೇಳಿದ್ದು ನಿಜ ಅಂತ ಗೊತ್ತಾಗಿದ್ದು ಒಂದು ವಾರದ ಮೇಲೆ, ಅದೂ ಹನ್ನೆರಡು ಅಕ್ಷರಗಳ ಒಂದು ವಿಳಾಸದಿಂದ.

ಕಂಪ್ಯೂಟರ್ ಜಾಲಕ್ಕೆ ಸೇರುವುದು ಅದರೊಳಗಿನ ನೆಟ್‌ವರ್ಕ್ ಕಾರ್ಡಿನ ಮೂಲಕ. ಕಾರ್ಖಾನೆಯಲ್ಲೇ ಆ ಕಾರ್ಡಿಗೆ ಒಂದು ಗುರುತು ಬರೆದಿರುತ್ತಾರೆ. ಅದೇ ಮ್ಯಾಕ್ ವಿಳಾಸ. ನಮೂನೆಗೆ ಹೀಗಿರತ್ತೆ: 00-1ಎ-2ಬಿ-3ಸಿ-4ಡಿ-5ಇ. ನಮ್ಮ ಆಧಾರ್ ಸಂಖ್ಯೆಯ ಹಾಗೆ ಇದಕ್ಕೂ ಹನ್ನೆರಡು ಸ್ಥಾನ. ಆದರೆ ಇಲ್ಲಿ 0ಯಿಂದ 9ರವರೆಗಿನ ಅಂಕಿಗಳ ಜೊತೆ ಇಂಗ್ಲಿಷಿನ ಎ, ಬಿ, ಸಿ, ಡಿ, ಇ, ಎಫ್ ಕೂಡ ಅಂಕಿಗಳೇ. ಒಂದೊಂದು ಸ್ಥಾನಕ್ಕೆ 4 ಬಿಟ್, ಒಟ್ಟು 48 ಬಿಟ್. ಹಳೆಯ ಗಾಡಿಯ ಮೇಲೆ 'ಎಪಿ 02' ಅಂತ ಇದ್ದರೆ ಅನಂತಪುರ ಜಿಲ್ಲೆಯದು ಅಂತ ಹೇಳ್ತೀವಲ್ಲ, ಹಾಗೆ ಇದರ ಮೊದಲ ಆರು ಸ್ಥಾನ ನೋಡಿದರೆ ತಯಾರಿಸಿದ ಕಂಪನಿ ಯಾವುದು ಅಂತ ತಿಳಿಯತ್ತೆ. ಆ ಭಾಗವನ್ನು ಕಂಪನಿಗಳಿಗೆ ಹಂಚುವುದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ. ಉಳಿದ ಆರನ್ನು ಕಂಪನಿಯೇ ಒಂದೊಂದು ಕಾರ್ಡಿಗೆ ಬೇರೆ ಬೇರೆಯಾಗಿ ಕೊಡತ್ತೆ.

1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್‌ನೆಟ್ ಕೆಲಸ ಶುರು ಮಾಡಿದರು. ಆ ಮೊದಲ ಜಾಲದಲ್ಲಿ ವಿಳಾಸಕ್ಕೆ ಇದ್ದದ್ದು ಬರೀ 8 ಬಿಟ್, ಅಂದರೆ 256 ವಿಳಾಸ. ಒಂದು ಕಟ್ಟಡಕ್ಕೆ ಸಾಕು, ಊರಿಗೆ ಸಾಲದು. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಸೇರಿ ಹೊರತಂದ ನಿಯಮದಲ್ಲಿ ಅದು 48 ಬಿಟ್ ಆಯ್ತು. 2ನ್ನು 48 ಸಲ ಗುಣಿಸಿ ನೋಡಿ: ಸುಮಾರು 281 ಲಕ್ಷ ಕೋಟಿ!

ಇನ್ನು ಹುಡುಕೋಣ. ವಿಂಡೋಸ್ ಇದ್ದರೆ ವಿಂಡೋಸ್ ಕೀ ಒತ್ತಿ ಹಿಡಿದು 'ಆರ್' ಒತ್ತಿ. ಬರುವ ಚೌಕದಲ್ಲಿ 'ಸಿ ಎಂ ಡಿ' ಅಂತ ಮೂರು ಅಕ್ಷರ ಹೊಡೆದು ಎಂಟರ್ ಮಾಡಿ. ಕಪ್ಪು ಕಿಟಕಿ ತೆರೆಯತ್ತೆ. ಅಲ್ಲಿ 'ಐಪಿ' ಮತ್ತು 'ಕಾನ್ಫಿಗ್' ಜೋಡಿಸಿ ಒಂದೇ ಪದವಾಗಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, 'ಆಲ್' ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. 'ಫಿಸಿಕಲ್ ಅಡ್ರೆಸ್' ಎಂಬ ಸಾಲೇ ನಮಗೆ ಬೇಕಾದದ್ದು. ಉಬುಂಟು ಇದ್ದರೆ ಟರ್ಮಿನಲ್ ತೆರೆದು 'ಐಪಿ', ಒಂದು ಜಾಗ, 'ಲಿಂಕ್' ಅಂತ ಬರೆದರೆ ಸಾಕು. 'ಲಿಂಕ್/ಈಥರ್' ಪಕ್ಕದಲ್ಲಿ ವಿಳಾಸ ಇರತ್ತೆ. ವಿಂಡೋಸ್ ನಡುವೆ ಅಡ್ಡಗೆರೆ ಹಾಕತ್ತೆ, ಉಬುಂಟು ಎರಡು ಚುಕ್ಕಿ ಹಾಕತ್ತೆ, ವಿಳಾಸ ಒಂದೇ.

ಎರಡು ಮೂರು ವಿಳಾಸ ಕಂಡರೆ ಗಾಬರಿ ಬೇಡ. ವೈಫೈಗೆ ಒಂದು, ತಂತಿಯ ಜಾಲಕ್ಕೆ ಒಂದು ಇರತ್ತೆ. ಯಾಕೆಂದರೆ ವಿಳಾಸ ಕಾರ್ಡಿನದು, ಕಂಪ್ಯೂಟರಿನದಲ್ಲ.

ನಾನು ಎಡವಿದ್ದು ಇಲ್ಲೇ. ನಮ್ಮ ರೌಟರಿನಲ್ಲಿ ಎಂಟು ಮ್ಯಾಕ್ ವಿಳಾಸಗಳ ಪಟ್ಟಿ ಇತ್ತು. ಪಟ್ಟಿಯಲ್ಲಿ ಇಲ್ಲದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಒಂದು ಕಂಪ್ಯೂಟರ್ ರಿಪೇರಿಗೆ ಹೋಗಿ ಬಂದಿತ್ತು, ಅಲ್ಲಿ ಹಳೆಯ ಕಾರ್ಡ್ ತೆಗೆದು ಹೊಸದು ಹಾಕಿದ್ದರು. ಡಬ್ಬ ಅದೇ, ವಿಳಾಸ ಹೊಸದು! ಅದು ಬಂದ ಮೇಲೆ ಮೊದಲು ಕೂತವರು ಆ ಹುಡುಗರು, ಅಷ್ಟೇ. ಅವರನ್ನೇ ಕರೆದು, ತಪ್ಪಾಯ್ತು ಕಣ್ರಪ್ಪಾ ಅಂತ ಹೇಳಿ, ಹೊಸ ವಿಳಾಸ ಓದಲು ಕೂರಿಸಿದೆ. ಅವರು ಓದಿದರು, ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿ ರೌಟರಿಗೆ ಸೇರಿಸಿದೆ. ಬರಲಿಲ್ಲ. "ಸಾರ್, ಅದು 8 ಅಲ್ಲ, ಬಿ" ಅಂತ ಅವರೇ ಹಿಡಿದರು. ತಿದ್ದಿದ ಕೂಡಲೇ ಬಂತು. (ಇಂಗ್ಲಿಷಿನ 'ಓ' ಅಕ್ಷರ ಇದರಲ್ಲಿ ಬರುವುದೇ ಇಲ್ಲ, ಗುಂಡಗೆ ಕಂಡರೆ ಸೊನ್ನೆಯೇ.) ಇಂಥ ಪಟ್ಟಿ ಗಟ್ಟಿ ಬೀಗ ಅಂತಲೂ ತಿಳಿಯಬೇಡಿ. ಸಾಫ್ಟ್‌ವೇರಿನಿಂದ ಬೇರೆ ವಿಳಾಸ ತೋರಿಸಬಹುದು, ಹಾಗಾಗಿ ಪಾಸ್‌ವರ್ಡ್ ಬೇಕೇ ಬೇಕು.

ಹಿಂದೂಪುರದಿಂದ ಕಲ್ಯಾಣದುರ್ಗದ ಶಾಲೆಗೆ ಏನಾದರೂ ಕಳಿಸಿದರೆ ನಮ್ಮ ಮ್ಯಾಕ್ ವಿಳಾಸ ಅಲ್ಲಿಯವರಿಗೆ ಕಾಣತ್ತಾ? ಇಲ್ಲ. ಮಡಕಶಿರಾದಲ್ಲಿ ಒಂದು ಬಸ್, ಪಾವಗಡದಲ್ಲಿ ಇನ್ನೊಂದು ಬಸ್ ಹಿಡಿದು ಹೋದಿರಿ ಅಂದುಕೊಳ್ಳಿ. ಪ್ರತಿ ಬಸ್ಸಿಗೂ ಟಿಕೆಟ್ ಬದಲಾಗತ್ತೆ, ತಲುಪಬೇಕಾದ ಮನೆಯ ವಿಳಾಸ ಬರೆದ ಚೀಟಿ ಮಾತ್ರ ಜೇಬಲ್ಲಿ ಹಾಗೇ ಇರತ್ತೆ. ಆ ಚೀಟಿಯೇ ಐಪಿ ವಿಳಾಸ. ಮ್ಯಾಕ್ ಆ ಟಿಕೆಟ್ಟಿನ ಹಾಗೆ. ಮೊದಲ ರೌಟರಿನವರೆಗೆ ಮಾತ್ರ ನಡೆಯತ್ತೆ.

ಮನೆಯ ಮೊಬೈಲಿನಲ್ಲಿ ಹುಡುಕುವವರಿಗೆ ಒಂದು ಮಾತು. ಒಂದೇ ವಿಳಾಸ ತೋರಿಸುತ್ತಾ ಹೋದರೆ ಅಂಗಡಿ, ನಿಲ್ದಾಣಗಳ ವೈಫೈ ನಿಮ್ಮ ಓಡಾಟ ಗುರುತಿಸಬಹುದು. ಅದಕ್ಕೇ 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಕಲ್ಪಿತ ವಿಳಾಸ ಕೊಡಲು ಶುರು ಮಾಡಿದವು. ಕಂಡುಹಿಡಿಯುವುದು ಸುಲಭ: ಎಡಗಡೆಯಿಂದ ಎರಡನೇ ಸ್ಥಾನದಲ್ಲಿ 2, 6, ಎ, ಇ ಇವುಗಳಲ್ಲಿ ಒಂದು ಇದ್ದರೆ ಅದು ಕಾರ್ಖಾನೆಯಲ್ಲಿ ಬರೆದದ್ದಲ್ಲ, ಸಾಫ್ಟ್‌ವೇರ್ ಕೊಟ್ಟದ್ದು. ಮೇಲಿನ ನಮೂನೆಯಲ್ಲಿ ಆ ಸ್ಥಾನ ಸೊನ್ನೆ. ನಿಮ್ಮ ಮನೆಯ ಫೋನಿನಲ್ಲಿ ಏನಿದೆ, ನೋಡಿ ಬರೆದುಕೊಂಡು ಬನ್ನಿ.