ಬಳ್ಳಿಗೆ ನಿದ್ದೆ ಕಲಿಸುವ ಕತ್ತರಿ

ದಾವಣಗೆರೆಯ ಮಗ್ಗುಲಿನ ಶಾಮನೂರು ಸೀಮೆಯಲ್ಲಿ ಬೇಸಾಯದ ಲೆಕ್ಕಾಚಾರವೆಲ್ಲ ಭದ್ರಾ ನಾಲೆಯ ಮೇಲೆ ನಿಂತಿದೆ. ನಾಲೆಗೆ ನೀರು ಬಿಟ್ಟರೆ ಭತ್ತ, ಬಿಡದಿದ್ದರೆ ಚಿಂತೆ. ನೀರು ಹರಿದಷ್ಟೂ ಬೆಳೆ ಹುಲುಸು ಎಂದು ಕಂಡುಕೊಂಡ ಈ ಭಾಗದವರಿಗೆ ಇನ್ನೊಂದು ಬಗೆಯ ಬೇಸಾಯ ವಿಚಿತ್ರವಾಗಿ ತೋರಬಹುದು. ಅಲ್ಲಿ ರೈತ ಬೇಕೆಂದೇ ನೀರು ಕಡಿಮೆ ಮಾಡುತ್ತಾನೆ. ಹಸಿರಾಗಿ ಹಬ್ಬಿದ ಬಳ್ಳಿಯನ್ನು ವರ್ಷಕ್ಕೆರಡು ಸಲ ಕತ್ತರಿಸಿ ಬೋಳಾಗಿಸುತ್ತಾನೆ. ಕಾಯಿ ಕಟ್ಟಿದ ಮೇಲೂ ಕೆಲವು ಗೊಂಚಲುಗಳನ್ನು ತಾನೇ ಕಿತ್ತು ಬಿಸಾಡುತ್ತಾನೆ. ವೈನ್ ತಯಾರಿಕೆಗಾಗಿ ದ್ರಾಕ್ಷಿ ಬೆಳೆಯುವ ರೀತಿಯೇ ಇದು.

ದಾವಣಗೆರೆ ನಾಡಿನ ನಡುವಿನ ಊರು. ಇಲ್ಲಿಂದ ಉತ್ತರಕ್ಕೆ ಹೋದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ದ್ರಾಕ್ಷಿ ಸೀಮೆ. ದಕ್ಷಿಣಕ್ಕೆ ಹೋದರೆ ನಂದಿ ಬೆಟ್ಟದ ಬುಡದ ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ತೋಟಗಳು. ಒಂದೇ ರಾಜ್ಯದ ಈ ಎರಡು ಸೀಮೆಗಳಲ್ಲಿ ಬಳ್ಳಿಯನ್ನು ಸಾಕುವ ಕ್ರಮ ಬೇರೆ ಬೇರೆ. ಆದರೆ ಎರಡೂ ಕಡೆಯ ರೈತರ ಮುಂದಿರುವ ಸಮಸ್ಯೆ ಒಂದೇ: ನಮ್ಮ ನೆಲದಲ್ಲಿ ದ್ರಾಕ್ಷಿ ಬಳ್ಳಿಗೆ ತಾನಾಗಿ ನಿದ್ದೆ ಬರುವುದಿಲ್ಲ.

ಚಳಿ ಇಲ್ಲದ ನಾಡಿನಲ್ಲಿ

ಫ್ರಾನ್ಸಿನಂಥ ದೇಶಗಳಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತದೆ. ಆಗ ರೈತ ಒಮ್ಮೆ ಸವರಿದರೆ ಸಾಕು. ವಸಂತದಲ್ಲಿ ಚಿಗುರಿ, ಸೆಪ್ಟೆಂಬರ್ ಹೊತ್ತಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ನಮ್ಮಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿ ಬೀಳುವುದಿಲ್ಲ. ಹಾಗೆಯೇ ಬಿಟ್ಟರೆ ಅದು ವರ್ಷವಿಡೀ ಚಿಗುರುತ್ತ, ಎಲೆ ಬೆಳೆಸುತ್ತ, ಹಣ್ಣಿನ ಮಾತನ್ನೇ ಮರೆಯುತ್ತದೆ. ಆದ್ದರಿಂದ ಚಳಿಗಾಲ ಮಾಡಬೇಕಾದ ಕೆಲಸವನ್ನು ಇಲ್ಲಿ ರೈತನ ಕತ್ತರಿ ಮಾಡಬೇಕು.

ಇದೇ ಗುಣಕ್ಕೆ ಇನ್ನೊಂದು ಮುಖವೂ ಇದೆ. ನಿದ್ದೆಯಿಲ್ಲದ ಬಳ್ಳಿ ವರ್ಷಕ್ಕೆ ಎರಡು ಫಸಲನ್ನೂ ಕೊಡಬಲ್ಲದು. 14ನೇ ಶತಮಾನದಲ್ಲಿ ದೌಲತಾಬಾದಿಗೆ ಬಂದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಸಲ ಫಲ ಕೊಡುವುದನ್ನು ದಾಖಲಿಸಿದ್ದಾನೆ. ನಂದಿ ಬುಡದಲ್ಲಿ ಬೆಳೆಯುವ 'ಬೆಂಗಳೂರು ನೀಲಿ' ತಳಿಯಿಂದ ಇಂದಿಗೂ ಎರಡು ಫಸಲು ತೆಗೆಯುವುದು ವಾಡಿಕೆ.

ಎರಡು ಚಾಟ್ನಿ

ವಿಜಯಪುರದ ಕಡೆ ಬಳ್ಳಿ ಸವರುವುದಕ್ಕೆ 'ಚಾಟ್ನಿ' ಎನ್ನುತ್ತಾರೆ. ಮರಾಠಿಯ ನೆರೆಯಿಂದ ಬಂದ ಮಾತು. ಅಲ್ಲಿನ ರೈತರ ವರ್ಷ ಎರಡು ಚಾಟ್ನಿಗಳ ನಡುವೆ ಹಂಚಿಹೋಗಿದೆ.

ಮೊದಲನೆಯದು ಏಪ್ರಿಲ್ ಚಾಟ್ನಿ. ಹಣ್ಣು ಕೊಯ್ದಾದ ಮೇಲೆ ಕಡ್ಡಿಗಳನ್ನು ಬುಡದ ಹತ್ತಿರದವರೆಗೆ, ಒಂದೆರಡು ಕಣ್ಣು ಮಾತ್ರ ಉಳಿಸಿ ಕತ್ತರಿಸುತ್ತಾರೆ. ಹೊಸ ಕಡ್ಡಿ ಬೆಳೆಸುವುದು ಇದರ ಉದ್ದೇಶ. ಹೀಗೆ ಬಂದ ಕಡ್ಡಿಯ ಕಣ್ಣುಗಳೊಳಗೆ, ಹೊರಗೆ ಏನೂ ಕಾಣದಂತೆ, ಮುಂದಿನ ಗೊಂಚಲಿನ ಮೊಳಕೆ ರೂಪುಗೊಳ್ಳುತ್ತದೆ. ಇದಕ್ಕೆ ಒಳ್ಳೆಯ ಬಿಸಿಲು ಬೇಕು, ಹಿತಮಿತವಾದ ನೀರು ಬೇಕು. ಮೋಡ ಕವಿದರೆ, ನೀರು ಹೆಚ್ಚಾಗಿ ಎಲೆ ದಟ್ಟವಾದರೆ, ಗೊಂಚಲಾಗಬೇಕಾದದ್ದು ಬರಿಯ ಕುಡಿಬಳ್ಳಿಯಾಗಿಬಿಡುತ್ತದೆ.

ಎರಡನೆಯದು ಅಕ್ಟೋಬರ್ ಚಾಟ್ನಿ. ಇದು ಹಣ್ಣಿಗಾಗಿ ಮಾಡುವುದು. ಮಾಗಿದ ಕಡ್ಡಿಯಲ್ಲಿ ತಳಿಗೆ ತಕ್ಕಂತೆ ಕೆಲವು ಕಣ್ಣು ಬಿಟ್ಟು ತುದಿ ಕತ್ತರಿಸುತ್ತಾರೆ. ಚಳಿಯ ಕೊರತೆಯಿಂದ ಕಣ್ಣುಗಳು ಒಟ್ಟಿಗೆ ಒಡೆಯದ ಕಾರಣ ಅವುಗಳಿಗೆ ಹೈಡ್ರೋಜನ್ ಸೈನಮೈಡ್ ಎಂಬ ರಾಸಾಯನಿಕವನ್ನು ಲೇಪಿಸುವುದುಂಟು. ಏಪ್ರಿಲ್‌ನಲ್ಲಿ ಮಾಡಿದ ತಪ್ಪು ರೈತನ ಕಣ್ಣಿಗೆ ಬೀಳುವುದು ಈಗಲೇ. ಅಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. ಅದಕ್ಕೆಂದೇ ಕೆಲವು ಬೆಳೆಗಾರರು ಕತ್ತರಿ ಹಾಕುವ ಮುನ್ನ ಕಡ್ಡಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು, ಕಣ್ಣಿನೊಳಗೆ ಗೊಂಚಲಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ.

ತಿನ್ನುವ ಹಣ್ಣು, ಹಿಂಡುವ ಹಣ್ಣು

ಮಾರುಕಟ್ಟೆಯಲ್ಲಿ ಗ್ರಾಹಕರು ಆರಿಸುವುದು ದಪ್ಪ ಕಾಳಿನ, ತೆಳು ಸಿಪ್ಪೆಯ, ಬೀಜವಿಲ್ಲದ ಹಣ್ಣನ್ನು. ಇದಕ್ಕಾಗಿ ಗೊಂಚಲುಗಳನ್ನು ಜಿಬ್ಬೆರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ಕಾಳು ಹಿಗ್ಗಿಸುತ್ತಾರೆ. ವೈನ್ ದ್ರಾಕ್ಷಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಕೆಂಪು ವೈನಿನ ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಕಾಳು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ನೀರು ತಡೆಹಿಡಿಯುವುದು, ಹೆಚ್ಚಿನ ಗೊಂಚಲು ಕೀಳುವುದು ಈ ಕಾರಣಕ್ಕೇ. ಎಕರೆಗೆ ನಾಲ್ಕೈದು ಟನ್ ಬಂದರೆ ಸಾಕೆನ್ನುವ ವೈನ್ ಬೆಳೆಗಾರ, ಅದರ ಎರಡರಷ್ಟು ಬಯಸುವ ಊಟದ ದ್ರಾಕ್ಷಿಯವನಿಗೆ ಮಂಕನಂತೆ ಕಂಡರೆ ಆಶ್ಚರ್ಯವಿಲ್ಲ.

ಕೊಯ್ಲಿನ ದಿನ ಗೊತ್ತುಮಾಡುವುದೂ ಒಂದು ಪರೀಕ್ಷೆಯೇ. ಹಣ್ಣಿನ ಸಕ್ಕರೆಯನ್ನು 'ಬ್ರಿಕ್ಸ್' ಎಂಬ ಮಾನದಲ್ಲಿ ಅಳೆಯುತ್ತಾರೆ. ಪುಟ್ಟ ಉಪಕರಣದ ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು ನೋಡಿದರೆ ಅಂಕಿ ತಿಳಿಯುತ್ತದೆ. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆ ಹುದುಗಿದಾಗ ಶೇಕಡ 1ರಷ್ಟು ಆಲ್ಕೊಹಾಲ್ ಆಗುತ್ತದೆ. 22ರಿಂದ 24 ಬ್ರಿಕ್ಸ್ ತಲುಪಿದ ಹಣ್ಣಿನಿಂದ ಶೇಕಡ 12-13ರ ವೈನ್ ಬರುತ್ತದೆ. ಆದರೆ ಸಕ್ಕರೆ ಏರುತ್ತಿರುವಾಗಲೇ ಹುಳಿ ಇಳಿಯುತ್ತಿರುತ್ತದೆ. ಡಿಸೆಂಬರ್, ಜನವರಿಯ ತಂಪು ರಾತ್ರಿಗಳು ಹುಳಿಯನ್ನು ಕಾಪಾಡುತ್ತವೆ. ಮಾರ್ಚ್ ಬಿಸಿಲು ಬಿದ್ದರೆ ಅದು ಬೇಗ ಕರಗಿಹೋಗುತ್ತದೆ. ಹುಳಿ ಸತ್ತ ಹಣ್ಣಿನ ವೈನ್ ಸಪ್ಪೆ.

ನಂದಿಯ ಬುಡದಲ್ಲಿ

ಬೆಂಗಳೂರು ನೀಲಿ ಈ ಪರೀಕ್ಷೆಗೆ ಹುಟ್ಟಿದ ಹಣ್ಣಲ್ಲ. ಅಮೆರಿಕ ಮೂಲದ ಜಾತಿಯ ರಕ್ತ ಬೆರೆತ ಈ ತಳಿಗೆ ತನ್ನದೇ ಆದ ಗಾಢ ವಾಸನೆಯಿದೆ. ಅದರಿಂದ ಜ್ಯೂಸ್ ಮತ್ತು ಸಿಹಿ ವೈನ್ ತಯಾರಾಗುತ್ತವೆ. ಗಟ್ಟಿಜೀವದ ಈ ತಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ.

ಯುರೋಪಿನ ವೈನ್ ತಳಿಗಳು ಇಲ್ಲಿ ನೆಲೆನಿಂತದ್ದು ಇತ್ತೀಚಿನ ಕಥೆ. ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. ಫ್ರಾನ್ಸಿನ ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವು ಪಡೆದರು. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಮುಂತಾದ ಹೆಸರುಗಳು ರಾಗಿ ಹೊಲಗಳ ನಡುವೆ ಕೇಳಿಬಂದದ್ದು ಹೀಗೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ವೈನ್ ಮಂಡಳಿಯೂ ಸ್ಥಾಪನೆಯಾಯಿತು. ನಂದಿ ಮತ್ತು ಕೃಷ್ಣಾ ಕಣಿವೆಗಳಷ್ಟೇ ಅಲ್ಲದೆ ಹಂಪಿ ಬೆಟ್ಟಗಳ ಸೀಮೆಯಲ್ಲೂ ವೈನ್ ತೋಟ ಎದ್ದಿದೆ.

ಅಡಿಕೆಗೆ ಬಂದ ದ್ರಾಕ್ಷಿಯ ಮದ್ದು

ದ್ರಾಕ್ಷಿ ತೋಟವನ್ನೇ ಕಾಣದ ಅಡಿಕೆ ಬೆಳೆಗಾರನಿಗೂ ಈ ಬಳ್ಳಿಯ ಋಣವೊಂದಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಬೂಜು ತುಪ್ಪಟ ರೋಗ ತೋಟಗಳನ್ನೆಲ್ಲ ಬೋಳಾಗಿಸಿದಾಗ ಆ ಬಳ್ಳಿಗಳ ಎಲೆ ಮಾತ್ರ ಉಳಿದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದ. ಆತ 1885ರಲ್ಲಿ ಪ್ರಕಟಿಸಿದ ಮಿಶ್ರಣವೇ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿಸಿದರು. ದ್ರಾಕ್ಷಿಗೆ ಆ ರೋಗದ ಕಾಟ ಇಂದಿಗೂ ತಪ್ಪಿಲ್ಲ. ಅಕ್ಟೋಬರ್ ಚಾಟ್ನಿಯ ನಂತರ ಎಳೆ ಚಿಗುರಿನ ಮೇಲೆ ಅಕಾಲಿಕ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಗೊಂಚಲು ಕರಕಲಾಗುತ್ತದೆ.

ಎರಡನೆಯ ದಾರಿ ಇಲ್ಲದ ಬೆಳೆ

ಮಳೆಗಿಂತ ದೊಡ್ಡ ಅಪಾಯ ಮಾರುಕಟ್ಟೆಯದು. ವಿಜಯಪುರದ ಥಾಂಪ್ಸನ್ ಸೀಡ್‌ಲೆಸ್ ಹಣ್ಣಿಗೆ ಬೆಲೆ ಬೀಳುವ ಸೂಚನೆ ಕಂಡರೆ ರೈತ ಅದನ್ನು ನೆರಳಿನಲ್ಲಿ ಒಣಗಿಸಿ ಮಣೂಕ ಮಾಡಿ ಕಾಯಬಹುದು. ಬೆಂಗಳೂರು ನೀಲಿಯನ್ನು ತಿನ್ನುವವರೂ ಕೊಳ್ಳುತ್ತಾರೆ, ಹಿಂಡುವವರೂ ಕೊಳ್ಳುತ್ತಾರೆ. ಸಣ್ಣ ಕಾಳಿನ, ಬೀಜ ತುಂಬಿದ, ದಪ್ಪ ಸಿಪ್ಪೆಯ ಕ್ಯಾಬರ್ನೆಗೆ ಸಂತೆಯಲ್ಲಿ ಬೆಲೆಯಿಲ್ಲ, ಒಣಗಿಸಿದರೂ ಪ್ರಯೋಜನವಿಲ್ಲ. ವೈನರಿ ಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. 2008ರ ಆರ್ಥಿಕ ಹಿಂಜರಿತದ ನಂತರ ನಾಸಿಕ್ ಭಾಗದಲ್ಲಿ ವೈನ್ ಬೇಡಿಕೆ ಕುಸಿದಾಗ ಎಷ್ಟೋ ರೈತರು ವರ್ಷಗಟ್ಟಲೆ ಸಾಕಿದ ಬಳ್ಳಿಗಳನ್ನು ಬೇರುಸಹಿತ ಕಿತ್ತುಹಾಕಿದರು.

ಭತ್ತದ ರೈತ ಈ ವರ್ಷ ಸೋತರೆ ಬರುವ ವರ್ಷ ಮೆಕ್ಕೆಜೋಳ ಬಿತ್ತಬಹುದು. ಬಳ್ಳಿ ನೆಟ್ಟವನಿಗೆ ಆ ಸ್ವಾತಂತ್ರ್ಯವಿಲ್ಲ. ಕಲ್ಲುಕಂಬ, ತಂತಿ, ಹನಿ ನೀರಾವರಿಗೆ ಹಣ ಸುರಿದು, ಫಸಲಿಗಾಗಿ ಎರಡು-ಮೂರು ವರ್ಷ ಕಾದು, ಮುಂದಿನ ಹತ್ತು ಹದಿನೈದು ವರ್ಷ ಅದೇ ಬಳ್ಳಿಯೊಂದಿಗೆ ಬಾಳಬೇಕು. ಆದ್ದರಿಂದ ವೈನ್ ದ್ರಾಕ್ಷಿಯಲ್ಲಿ ಲಾಭವಿದೆ ಎಂದು ಕೇಳಿ ಮುಂದಾಗುವವರು ಮೊದಲು ನೋಡಬೇಕಾದದ್ದು ಮಣ್ಣಿನ ಪರೀಕ್ಷೆಯ ವರದಿಯನ್ನಲ್ಲ, ಕೊಳ್ಳುವವರೊಂದಿಗಿನ ಲಿಖಿತ ಕರಾರನ್ನು. ಕತ್ತರಿ ಹಿಡಿಯುವ ಕಲೆ ಒಂದೆರಡು ಹಂಗಾಮಿನಲ್ಲಿ ಕೈಗೂಡೀತು. ಕೊಯ್ದ ಹಣ್ಣು ಯಾರ ಬಾಗಿಲಿಗೆ ಹೋಗಬೇಕು ಎಂಬುದು ಮಾತ್ರ ಸಸಿ ನೆಡುವ ಮೊದಲೇ ತೀರ್ಮಾನವಾಗಿರಬೇಕು.