ಟವರಿಗಿಂತ ಹತ್ತಿರದ್ದು ಕಿವಿಯ ಬಳಿಯ ಫೋನು

ನಮ್ಮ ಉಚ್ಚಿಲದ ಕಡೆ ಯಾರದ್ದಾದರೂ ಜಾಗಕ್ಕೆ ಮೊಬೈಲ್ ಟವರು ಬರುತ್ತದೆ ಎಂದರೆ ಸಾಕು, ಮೂರು ಮಾತು ಕೇಳಿಬರುತ್ತವೆ: ತೆಂಗಿನ ಮಿಡಿ ಉದುರುತ್ತದೆ, ಜೇನು ಓಡಿಹೋಗುತ್ತದೆ, ಕ್ಯಾನ್ಸರ್ ಬರುತ್ತದೆ. ಹೀಗೆ ಹೇಳುವವರು ಎಷ್ಟೋ ಸಲ ಫೋನನ್ನು ಕಿವಿಗೆ ಒತ್ತಿಕೊಂಡೇ ಹೇಳುತ್ತಾರೆ! ಟವರಿಗೂ ಫೋನಿಗೂ ಸರಕಾರದ ಮಿತಿ ಉಂಟು. ಆ ಮಿತಿ ಎಂತದ್ದು, ಯಾವುದಕ್ಕೆ ಎಷ್ಟು ಹೆದರಬೇಕು ಎಂದು ಮಳೆ ನಂಬಿ ಬೆಟ್ಟು ಗದ್ದೆ ಮಾಡುವ ನನ್ನಂಥವರಿಗೂ ತಿಳಿದಿರಬೇಕು. ಜಾಗ ಕೊಡುವುದು, ಬಿಡುವುದು ನಮ್ಮದೇ ತೀರ್ಮಾನ ತಾನೇ.

ತೆಂಗು, ಜೇನಿನ ದೂರು

ಮೊದಲು ಇಸವಿ ನೋಡುವ. ನಮ್ಮ ತುಡುವೆ ಜೇನು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾದದ್ದು 1991-92ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ. ಮರಿಹುಳಗಳೇ ಸತ್ತುಹೋದವು. ಭಾರತದಲ್ಲಿ ಮೊಬೈಲ್ ಮಾತು ಶುರುವಾದದ್ದು 1995ರ ಜುಲೈ 31ಕ್ಕೆ. ತೆಂಗಿಗೆ ನುಸಿ ಬಂದದ್ದು 1998ರಲ್ಲಿ, ಮೊದಲು ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಟವರುಗಳು ಏಳತೊಡಗಿದ ಕಾಲವೂ ಹೆಚ್ಚುಕಡಿಮೆ ಅದೇ. ಹಾಗಾಗಿ ನುಸಿಯ ತಪ್ಪು ಟವರಿನ ತಲೆಗೆ ಬಿತ್ತು.

ಹಾಗೆಂದು ಜೇನಿಗೆ ಏನೂ ಆಗುವುದಿಲ್ಲ ಎಂದೂ ಹೇಳಲಾಗದು. 2010ರಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದವರು ಜೇನುಗೂಡಿನೊಳಗೆ ಮಾತಿನಲ್ಲಿರುವ ಫೋನುಗಳನ್ನು ಇಟ್ಟು ನೋಡಿದರು. ಕುಟುಂಬ ಕ್ಷೀಣಿಸಿತು. ಆದರೆ ಗಮನಿಸಿ, ಫೋನು ಇದ್ದದ್ದು ಗೂಡಿನ ಒಳಗೇ.

ಫೋನಿನ ಮಿತಿ

ಫೋನಿನಿಂದ ಹೊರಡುವ ರೇಡಿಯೋ ಅಲೆಯಲ್ಲಿ ಒಂದು ಪಾಲು ನಮ್ಮ ಮೈ ಸೇರಿ ಬಿಸಿಯಾಗುತ್ತದೆ. ಒಂದು ಕಿಲೋ ಮೈಗೆ ಎಷ್ಟು ವಾಟ್ ಸೇರುತ್ತದೆ ಎಂಬ ಲೆಕ್ಕಕ್ಕೆ 'ಎಸ್.ಎ.ಆರ್.' ಎಂದು ಹೆಸರು. 2012ರ ಸೆಪ್ಟೆಂಬರ್ 1ರಿಂದ ಭಾರತದಲ್ಲಿ ಫೋನಿನ ಮಿತಿ ಕಿಲೋಗೆ 1.6 ವಾಟ್. ಇದನ್ನು ಒಂದು ಗ್ರಾಂ ಮಾಂಸದ ಸರಾಸರಿಯಲ್ಲಿ ನೋಡುತ್ತಾರೆ. ಅದಕ್ಕೆ ಮೊದಲು 10 ಗ್ರಾಂ ಸರಾಸರಿಯಲ್ಲಿ 2 ವಾಟ್ ಇತ್ತು. ನಿಮ್ಮ ಫೋನಿನಲ್ಲಿ *#07# ಒತ್ತಿ, ಹೆಚ್ಚಿನವುಗಳಲ್ಲಿ ಈ ಅಂಕಿ ಕಾಣುತ್ತದೆ.

ಈ ಮಿತಿ ಎಲ್ಲಿಂದ ಬಂತು? ಪ್ರಾಣಿಗಳ ಇಡೀ ಮೈಗೆ ಕಿಲೋಗೆ ಸುಮಾರು 4 ವಾಟ್ ಸೇರಿದಾಗ ಮೈ ಬಿಸಿಯಾಗಿ ನಡವಳಿಕೆ ಬದಲಾಯಿತು. ಅದನ್ನು 50ರಿಂದ ಭಾಗಿಸಿ, ಸಾಮಾನ್ಯ ಜನರ ಇಡೀ ಮೈಗೆ 0.08 ವಾಟ್ ಎಂದು ಇಟ್ಟರು. ತಲೆಯಂಥ ಒಂದು ಭಾಗಕ್ಕೆ ಬೇರೆ ಅಂಕಿ. ಮದ್ದು ಬಿಟ್ಟ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಬೇಕು ಎಂದು ಇಡುತ್ತಾರಲ್ಲ, ಅದೇ ರೀತಿ ಇದೂ ಒಂದು ಅಂತರ.

ಟವರಿನ ಲೆಕ್ಕ

ಟವರಿಗೂ ಅದೇ 2012ರಲ್ಲಿ ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲನ್ನು ಗೊತ್ತು ಮಾಡಿದರು: 900 ಮೆಗಾಹರ್ಟ್ಸ್ ಅಲೆಗೆ ಚದರ ಮೀಟರಿಗೆ 0.45 ವಾಟ್. ಮಣಿಪಾಲದಲ್ಲಿ ಓದುವ ನನ್ನ ತಮ್ಮನ ಮಗಳು ಒಂದು ಲೆಕ್ಕ ಮಾಡಿಕೊಟ್ಟಳು. 20 ವಾಟಿನ ಒಂದು ಆಂಟೆನಾ ತನ್ನ ಅಲೆಯನ್ನು ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ 50 ಪಟ್ಟು ಒಟ್ಟುಮಾಡಿ ಬಿಟ್ಟರೂ, ನೇರ ಎದುರಿಗೆ 50 ಮೀಟರ್ ದೂರದಲ್ಲಿ ಸಿಗುವುದು ಸುಮಾರು 0.03 ವಾಟ್. ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಟವರಿನ ಬುಡದಲ್ಲಿ ಇನ್ನೂ ಕಡಿಮೆ, ಟಾರ್ಚು ಮುಂದಕ್ಕೆ ತಾನೇ ಹೊಳೆಯುವುದು. ಒಂದೇ ಟವರಿನಲ್ಲಿ ನಾಲ್ಕಾರು ಆಂಟೆನಾ ಇದ್ದರೆ ಅವೆಲ್ಲವನ್ನೂ ಕೂಡಿಸಿ ನೋಡಬೇಕು. ಆಂಟೆನಾದ ಮಟ್ಟಕ್ಕೇ ಎದುರಾಗಿ, ತೀರಾ ಹತ್ತಿರದಲ್ಲಿ ಮಹಡಿ ಮನೆ ಇದ್ದರೆ ಮಾತ್ರ ಅಳತೆ ಮಾಡಿಸಿಯೇ ಒಪ್ಪಬೇಕು.

ಫೋನಿನ ಆಂಟೆನಾವೋ, ತಲೆಯಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಆಚೆ.

ಸಿಗ್ನಲ್ ಇಲ್ಲದ ತಗ್ಗು

ನಮ್ಮ ಪಕ್ಕದ ಬೈಲಿನವರು ಟವರು ಬೇಡವೆಂದರು, ಬರಲಿಲ್ಲ. ಅಲ್ಲಿ ಫೋನಿನ ಚಾರ್ಜು ಬೇಗ ಇಳಿಯುತ್ತದೆ. ಯಾಕೆ? ಟವರು ದೂರವಿದ್ದರೆ ಫೋನು ಗಟ್ಟಿಯಾಗಿ ಕೂಗಬೇಕು. ಹಳೆಯ 2ಜಿ ಫೋನು 900ರ ಅಲೆಯಲ್ಲಿ 2 ವಾಟ್ ತನಕ ಬಲ ಹಾಕುತ್ತದೆ, ಸಿಗ್ನಲ್ ಒಳ್ಳೆಯದಿದ್ದರೆ ತಾನಾಗಿ ತಗ್ಗಿಸುತ್ತದೆ. ಅಂದರೆ ಟವರು ಬೇಡ ಎಂದು ದೂರ ಮಾಡಿದವರ ಕಿವಿಗೇ ಹೆಚ್ಚು ಅಲೆ! ಕಳೆದ ಮಳೆಗಾಲದಲ್ಲಿ ಅದೇ ಬೈಲಿನಲ್ಲಿ ಒಬ್ಬರಿಗೆ ಹಾವು ಕಚ್ಚಿದಾಗ, ಗಾಡಿಗೆ ಫೋನು ಮಾಡಲು ಮನೆಯವರು ಕತ್ತಲೆಯಲ್ಲಿ ಬೆಟ್ಟಿನ ತನಕ ಓಡಬೇಕಾಯಿತು. ಜೀವ ಉಳಿಯಿತು. ಆದರೆ ಟವರು ಬೇಡವೆನ್ನುವಾಗ ಇದನ್ನೂ ತಕ್ಕಡಿಗೆ ಹಾಕಬೇಕು.

ಕ್ಯಾನ್ಸರ್ ಮತ್ತು ಮಣಿಪಾಲದ ಇಲಿಗಳು

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಅಲೆಗಳನ್ನು 'ಕ್ಯಾನ್ಸರ್ ತರಬಹುದಾದ' 2-ಬಿ ಪಟ್ಟಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿ ಉಂಟು. 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಫೋನಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ನಮ್ಮ ಪಕ್ಕದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ಇಲಿಗಳ ಗೂಡಿನಲ್ಲಿ ಫೋನನ್ನು ಅದುರುವ ಹಾಗೆ ಇಟ್ಟು, ನಾಲ್ಕು ವಾರ, ದಿನಕ್ಕೆ 50 ಮಿಸ್ಡ್ ಕಾಲ್ ಕೊಟ್ಟರು. ದಾರಿ ನೆನಪಿಡುವ ಶಕ್ತಿಯಲ್ಲಿ ವ್ಯತ್ಯಾಸ ಕಂಡಿತು. ಅದುರುವಿಕೆಯಿಂದಲೋ ಅಲೆಯಿಂದಲೋ ಎಂದು ಇದೊಂದರಿಂದ ಬೇರ್ಪಡಿಸುವುದು ಕಷ್ಟ. ಆದರೂ ಮಿತಿ ಇಟ್ಟದ್ದು ಬಿಸಿಯನ್ನು ನೋಡಿ. ಬಿಸಿಯಾಗದೆಯೂ ಏನಾದರೂ ಆಗುತ್ತದೆಯೋ ಎಂಬ ಚರ್ಚೆ ಮುಗಿದಿಲ್ಲ. ಹಾಗಾಗಿ ಖರ್ಚಿಲ್ಲದ ಜಾಗ್ರತೆ ಮಾಡಿದರೆ ನಷ್ಟವಿಲ್ಲ.

ಮಾಡಬಹುದಾದ್ದು

* ಉದ್ದ ಮಾತಿದ್ದರೆ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಿ.
* ಸಿಗ್ನಲ್ ಒಂದೇ ಗೆರೆ ಇದ್ದಲ್ಲಿ ಮಾತು ಚುಟುಕಾಗಿರಲಿ. ಅಂಗಳಕ್ಕೆ ಬಂದು ಮಾತಾಡಿ.
* ಮಲಗುವಾಗ ತಲೆದಿಂಬಿನ ಅಡಿಗೆ ಬೇಡ. ಜೇನುಪೆಟ್ಟಿಗೆಯ ಮೇಲೂ ಬೇಡ.
* ಟವರಿನ ಮೇಲೆ ಸಂಶಯವಿದ್ದರೆ ಅಳತೆ ಕೇಳಿ. ದೂರಸಂಪರ್ಕ ಇಲಾಖೆ 2017ರಲ್ಲಿ 'ತರಂಗ್ ಸಂಚಾರ್' ಎಂಬ ವ್ಯವಸ್ಥೆ ಶುರುಮಾಡಿತು. ಆಗ ಅಳತೆಯ ಶುಲ್ಕ 4,000 ರೂಪಾಯಿ. ನಾಲ್ಕು ಮನೆಯವರು ಸೇರಿದರೆ ದೊಡ್ಡದಲ್ಲ.
* ಟವರು ಹಾಕುತ್ತೇವೆ, ಮೊದಲು ಮುಂಗಡ ಕಟ್ಟಿ ಎಂದು ಫೋನು ಬಂದರೆ ಒಂದು ರೂಪಾಯಿಯೂ ಕೊಡಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಟವರಿಗೆ ಒಪ್ಪಿಗೆ ಪತ್ರ ಕೊಡುವುದೂ ಇಲ್ಲ, ಶುಲ್ಕ ಕೇಳುವುದೂ ಇಲ್ಲ. ಅದರ ಹೆಸರಿನ ಪತ್ರ ತೋರಿಸಿದರೆ ಮೋಸವೆಂದೇ ತಿಳಿಯಿರಿ.

ಟವರಿಗೆ ಜಾಗ ಕೊಟ್ಟವರು, ಅದರ ಪಕ್ಕ ತೆಂಗು, ಜೇನು ಇಟ್ಟವರು ತಮ್ಮ ಫಸಲಿನ ಲೆಕ್ಕವನ್ನು, ಹಿಂದಿನದ್ದೂ ಈಗಿನದ್ದೂ, ಪತ್ರಿಕೆಗೆ ಬರೆಯಲಿ. ಉಳಿದವರಿಗೂ ತೀರ್ಮಾನ ಸುಲಭವಾದೀತು.